ಹೆನ್ರಿ ಫೋರ್ಡ್‌ನ ಹಠ

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಹೊಲದ ಕೆಲಸ ಅಂದ್ರೆ ಬೇಸರ, ಯಂತ್ರ ಅಂದ್ರೆ ಪ್ರಾಣ. ನಮ್ಮ ಹಾಗೆ ಇಂಜಿನಿಯರಿಂಗ್ ಡಿಗ್ರಿ ಏನೂ ಇರಲಿಲ್ಲ. ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಮನೆ ಹಿಂದಿನ ಶೆಡ್‌ನಲ್ಲಿ ತನ್ನ ಮೊದಲ ಗಾಡಿ ಕಟ್ಟಿದ. 1896ರ ಜೂನ್‌ನಲ್ಲಿ ಗಾಡಿ ರೆಡಿ ಆಯ್ತು, ನೋಡಿದ್ರೆ ಶೆಡ್ಡಿನ ಬಾಗಿಲಿಗಿಂತ ಅಗಲ! ಕೊಡಲಿ ತಗೊಂಡು ಇಟ್ಟಿಗೆ ಗೋಡೆ ಒಡೆದು ಗಾಡಿಯನ್ನು ಹೊರಗೆ ತಂದ.

ಮೊದಲ ಎರಡು ಕಂಪನಿಗಳು ಅವನ ಕೈಯಲ್ಲಿ ನಿಲ್ಲಲಿಲ್ಲ. ಮೂರನೆಯದೇ 1903ರ ಫೋರ್ಡ್ ಮೋಟಾರ್ ಕಂಪನಿ. ಶ್ರೀಮಂತರಿಗೆ ದುಬಾರಿ ಕಾರು ಮಾಡೋಣ ಅಂತ ಪಾಲುದಾರರಲ್ಲಿ ಕೆಲವರು ಹೇಳಿದ್ರೂ ಫೋರ್ಡ್ ಕೇಳಲಿಲ್ಲ. ರೈತನೂ ಕೊಳ್ಳುವಂಥ ಗಟ್ಟಿ ಕಾರು ಬೇಕು ಅನ್ನೋದೇ ಅವನ ಹಠ. ಪಿಕೆಟ್ ಕಾರ್ಖಾನೆಯ ಒಂದು ಸಣ್ಣ ಕೋಣೆಯಲ್ಲಿ ಜೋಸೆಫ್ ಗಲಾಂಬ್ ಕಪ್ಪು ಹಲಗೆ ಮೇಲೆ ಡಿಸೈನ್ ಬರೆಯೋದು, ಫೋರ್ಡ್ ರಾಕಿಂಗ್ ಚೇರ್‌ನಲ್ಲಿ ಕೂತು ನೋಡೋದು, ಆಮೇಲೆ ಚರ್ಚೆ. ಹಾಗೆ ಹುಟ್ಟಿದ್ದು 1908ರ ಮಾಡೆಲ್ ಟಿ. 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಶುರುವಿನಲ್ಲಿ ಸುಮಾರು 850 ಡಾಲರ್ ಇದ್ದ ಬೆಲೆ ಮುಂದೆ 300ಕ್ಕಿಂತ ಕೆಳಗೆ ಬಂತು. ಇಲ್ಲಿಯವರೆಗೆ ಅವನದು ಅಪ್ಪಟ ಆತ್ಮವಿಶ್ವಾಸ, ಒಪ್ಪಲೇಬೇಕು.

1919ರಲ್ಲಿ ಉಳಿದವರ ಷೇರುಗಳನ್ನೆಲ್ಲ ಕೊಂಡು ಇಡೀ ಕಂಪನಿಯನ್ನು ಕುಟುಂಬದ ಕೈಗೆ ತಗೊಂಡ. ಬೇಡ ಅನ್ನೋ ಹಕ್ಕು ಇದ್ದವರು ಹೋದರು. ನನ್ನ ಪ್ರಕಾರ ಎಡವಟ್ಟು ಶುರುವಾಗಿದ್ದು ಇಲ್ಲೇ. ಮಗ ಎಡ್ಸೆಲ್ ಹೆಸರಿಗೆ ಅಧ್ಯಕ್ಷ, ಕೊನೇ ಮಾತು ಅಪ್ಪನದೇ. ಉತ್ಪಾದನೆಯಲ್ಲಿ ಪಳಗಿದ ವಿಲಿಯಂ ನಡ್ಸನ್ 1921ರಲ್ಲಿ ಬಿಟ್ಟು ಹೋಗಿ, ಆಮೇಲೆ ಜನರಲ್ ಮೋಟಾರ್ಸ್ ಸೇರಿ ಷೆವ್ರೊಲೆಯನ್ನು ಬೆಳೆಸಿದ. ಜನ ಮೂರು ಗೇರಿನ ಷೆವ್ರೊಲೆ ಕಡೆ ತಿರುಗುತ್ತಿದ್ರೆ, ಫೋರ್ಡ್ ಎರಡೇ ಗೇರಿನ ಮಾಡೆಲ್ ಟಿಯನ್ನೇ ಅಪ್ಪಿಕೊಂಡಿದ್ದ. ಬಣ್ಣ? 1914ರಿಂದ 1925ರವರೆಗೆ ಬರೀ ಕಪ್ಪು! 1926ರಲ್ಲಿ ಅರ್ನೆಸ್ಟ್ ಕ್ಯಾನ್ಜ್ಲರ್ ಅನ್ನೋ ಅಧಿಕಾರಿ ಧೈರ್ಯ ಮಾಡಿ, ಹೊಸ ಕಾರು ಬೇಕು ಅಂತ ವಿನಯದಿಂದಲೇ ಉದ್ದನೆಯ ಟಿಪ್ಪಣಿ ಬರೆದುಕೊಟ್ಟ. ಕೆಲವೇ ತಿಂಗಳಲ್ಲಿ ಅವನ ಕೆಲಸ ಹೋಯ್ತು. ಅವನು ಎಡ್ಸೆಲ್‌ನ ಷಡ್ಡಕ ಬೇರೆ.

ಕ್ಯಾನ್ಜ್ಲರ್ ಹೇಳಿದ್ದೇ ನಿಜವಾಯ್ತು. 1927ರ ಮೇನಲ್ಲಿ ಒಂದೂವರೆ ಕೋಟಿಯ ಮಾಡೆಲ್ ಟಿ ಹೊರಬಂದ ಬೆನ್ನಿಗೇ ಅದರ ಉತ್ಪಾದನೆ ನಿಲ್ಲಿಸಬೇಕಾಯ್ತು. ಬದಲಿ ಕಾರು ತಯಾರೇ ಇರಲಿಲ್ಲ. ತಿಂಗಳುಗಟ್ಟಲೆ ಕಾರ್ಖಾನೆ ಬಂದ್, ಸಾವಿರಾರು ಕಾರ್ಮಿಕರು ಮನೆಗೆ. ಹಠ ಯಜಮಾನನದು, ಸಂಬಳ ಹೋಗಿದ್ದು ಅವರದು. ಡಿಸೆಂಬರ್‌ನಲ್ಲಿ ಬಂದ ಮಾಡೆಲ್ ಎ ಚೆನ್ನಾಗಿ ಓಡಿತು, ಅದರ ಅಂದಚೆಂದದಲ್ಲಿ ಎಡ್ಸೆಲ್‌ನ ಪಾಲು ದೊಡ್ಡದು. ಆದರೂ ಮಗನ ಮಾತಿಗೆ ಬೆಲೆ ಬರಲಿಲ್ಲ. ಅವನು ಕೇಳುತ್ತಿದ್ದ ಹೈಡ್ರಾಲಿಕ್ ಬ್ರೇಕ್ ಫೋರ್ಡ್ ಕಾರುಗಳಿಗೆ ಬಂದಿದ್ದು 1939ರ ಮಾಡೆಲ್‌ಗಳಲ್ಲಿ, ಷೆವ್ರೊಲೆಗಿಂತ ತಡವಾಗಿ.

1943ರಲ್ಲಿ ಎಡ್ಸೆಲ್ 49ನೇ ವಯಸ್ಸಿಗೇ ತೀರಿಕೊಂಡ. ಎಂಬತ್ತರ ಹತ್ತಿರದ ಅಪ್ಪ ಮತ್ತೆ ಅಧ್ಯಕ್ಷನಾಗಿ ಕೂತ. ಷೇರು ಮಾರಿಬಿಡ್ತೀನಿ ಅಂತ ಸೊಸೆ ಎಲೀನರ್ ಪಟ್ಟು ಹಿಡಿದ ಮೇಲೆ, 1945ರಲ್ಲಿ ಮೊಮ್ಮಗ ಎರಡನೇ ಹೆನ್ರಿಗೆ ಜಾಗ ಬಿಟ್ಟ. ಮೊಮ್ಮಗ ಮರುವರ್ಷವೇ ಎದುರಾಳಿ ಜನರಲ್ ಮೋಟಾರ್ಸ್‌ನಲ್ಲಿ ಪಳಗಿದ್ದ ಅರ್ನೆಸ್ಟ್ ಬ್ರೀಚ್‌ನನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡ. ಹಿರಿಯ ಫೋರ್ಡ್ ಆಗ ಇನ್ನೂ ಬದುಕಿದ್ದ. ತೀರಿಕೊಂಡಿದ್ದು 1947ರ ಏಪ್ರಿಲ್‌ನಲ್ಲಿ.