ಹುದ್ದೆ ಹುಟ್ಟುವ ಮೊದಲೇ ಓದಲು ಹೊರಟ ಕೆ.ಆರ್. ನಾರಾಯಣನ್

ವಿದೇಶದಲ್ಲಿ ಓದಲು ಮಾಡಿದ ಸಾಲವನ್ನು ರಾಜತಾಂತ್ರಿಕ ವೃತ್ತಿ ತೀರಿಸೀತೇ? ಮಾಜಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಲಂಡನ್‌ಗೆ ಹೊರಟಾಗ ಆ ವೃತ್ತಿಯೇ ಇರಲಿಲ್ಲ.

ಕೇರಳದ ಉಳವೂರಿನ ಬಡ ದಲಿತ ಕುಟುಂಬದಲ್ಲಿ ಹುಟ್ಟಿದ ಅವರು, ಫೀಸ್ ಕಟ್ಟಲಾಗದೆ ಎಷ್ಟೋ ಸಲ ತರಗತಿಯ ಹೊರಗೆ ನಿಂತು ಪಾಠ ಕೇಳಿದವರು. ಅಣ್ಣ ಪುಸ್ತಕಗಳನ್ನು ಎರವಲು ತಂದು, ಕೈಯಲ್ಲೇ ನಕಲು ಮಾಡಿಕೊಡುತ್ತಿದ್ದರು. 1943ರಲ್ಲಿ ಎಂ.ಎ.ಯಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾದರು; ಬಳಿಕ ಪತ್ರಕರ್ತರಾದರು.

1945ರಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ನೆರವಾದದ್ದು ಟಾಟಾ ವಿದ್ಯಾರ್ಥಿವೇತನ. ಜೆ.ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ವಿದೇಶದಲ್ಲಿ ಓದುವವರಿಗೆ ಸಾಲರೂಪದಲ್ಲಿ ಹಣ ಕೊಡುತ್ತದೆ. ಭಾರತೀಯ ವಿದೇಶಾಂಗ ಸೇವೆ ರೂಪುಗೊಂಡದ್ದು 1946ರ ಅಕ್ಟೋಬರ್‌ನಲ್ಲಿ.

1948ರಲ್ಲಿ ಮರಳಿದ ಅವರ ಬಳಿ ಪದವಿಯ ಜೊತೆಗೆ, ಗುರು ಹೆರಾಲ್ಡ್ ಲಾಸ್ಕಿ ನೆಹರೂ ಅವರಿಗೆ ಬರೆದ ಪರಿಚಯ ಪತ್ರವೂ ಇತ್ತು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಥಾಯ್ಲೆಂಡ್, ಟರ್ಕಿಯಲ್ಲಿ ರಾಯಭಾರಿಯಾದರು. 15 ವರ್ಷ ಖಾಲಿಯಿದ್ದ ಚೀನಾದ ರಾಯಭಾರಿ ಹುದ್ದೆಗೆ 1976ರಲ್ಲಿ ಹೋದರು. ಮುಂದೆ ಅಮೆರಿಕದಲ್ಲೂ ರಾಯಭಾರಿಯಾಗಿದ್ದರು. 1997ರಲ್ಲಿ ರಾಷ್ಟ್ರಪತಿಯಾದರು.

2005ರ ನವೆಂಬರ್ 9ರಂದು ದೆಹಲಿಯಲ್ಲಿ ನಿಧನರಾದರು. ಎರವಲು ಪುಸ್ತಕದಿಂದ ಶುರುವಾದ ಓದು, ದೇಶದ ಪರವಾಗಿ ಮಾತಾಡುವ ಅಧಿಕಾರವನ್ನೇ ತಂದುಕೊಟ್ಟಿತ್ತು.