ಡಾಕ್ಟರ್ ಕೋಟ್ನೀಸ್

ಬೀದರ್, ಭಾಲ್ಕಿ, ಔರಾದ್ ಊರುಗಳಲ್ಲಿ ಕನ್ನಡದೊಡನೆ ಮರಾಠಿಯೂ ಜನರ ಬಾಯಲ್ಲಿ ನಲಿಯುತ್ತದೆ. ಈ ಸೀಮೆಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಅಂಥದೇ ಗಡಿನಾಡಿನ ನಗರವಾದ ಸೊಲ್ಲಾಪುರ ದೊರೆಯುತ್ತದೆ. ಕನ್ನಡ, ಮರಾಠಿ, ತೆಲುಗು ನುಡಿಗಳು ಬೆರೆತಿರುವ ಆ ಊರಿನ ಮಧ್ಯಮ ವರ್ಗದ ಮರಾಠಿ ಕುಟುಂಬವೊಂದರಲ್ಲಿ 1910ನೆಯ ಅಕ್ಟೋಬರ್ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್ ಜನಿಸಿದರು.

ವೈದ್ಯನಾಗಬೇಕೆಂಬ ಹಂಬಲದಿಂದ ಅವರು ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜನ್ನು ಸೇರಿ ಪದವೀಧರರಾದರು. ಉನ್ನತ ವ್ಯಾಸಂಗ ಮಾಡಿ ನೆಮ್ಮದಿಯ ಬಾಳನ್ನು ನಡೆಸುವ ಅವಕಾಶ ಅವರ ಮುಂದಿತ್ತು. ಆದರೆ 1937ರಲ್ಲಿ ಜಪಾನು ಚೀನಾದ ಮೇಲೆ ಭಾರಿ ದಾಳಿಯನ್ನು ನಡೆಸಿತು. ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡಲು ಅಲ್ಲಿ ಸಾಕಷ್ಟು ವೈದ್ಯರಿರಲಿಲ್ಲ. ಚೀನಾದ ಸೇನಾನಿ ಝೂ ದೆ ಭಾರತದ ನೆರವನ್ನು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ಆಗ ಭಾರತವೇ ಪರತಂತ್ರವಾಗಿತ್ತು. ಆದರೂ 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಜನರಲ್ಲಿ ಮನವಿ ಮಾಡಿ ಹಣವನ್ನು ಕೂಡಿಸಿದರು. ಐವರು ವೈದ್ಯರ ತಂಡವನ್ನು ಚೀನಾಕ್ಕೆ ಕಳುಹಿಸಲಾಯಿತು. ಅಟಲ್, ಚೋಳಕರ್, ಬಸು, ಮುಖರ್ಜಿ ಇವರೊಡನೆ ಹೊರಟ ಐದನೆಯವರೇ ಕೋಟ್ನೀಸ್. ಆಗ ಅವರಿಗೆ ಇಪ್ಪತ್ತೆಂಟು ವರ್ಷವೂ ತುಂಬಿರಲಿಲ್ಲ.

ಚೀನಾದಲ್ಲಿದ್ದಾಗಲೇ ಕೋಟ್ನೀಸರಿಗೆ ತಂದೆಯ ಮರಣದ ವಾರ್ತೆ ತಲಪಿತು. ಮನೆಗೆ ಹಿಂದಿರುಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಒಂದು ಕಡೆ ಮಗನ ಕರ್ತವ್ಯ, ಇನ್ನೊಂದು ಕಡೆ ವೈದ್ಯನ ಕರ್ತವ್ಯ. ಅವರು ದುಃಖವನ್ನು ನುಂಗಿಕೊಂಡು ಮುಂದಕ್ಕೇ ಹೆಜ್ಜೆಯಿಟ್ಟರು. 1939ರ ಫೆಬ್ರವರಿಯಲ್ಲಿ ತಂಡವು ಯೆನಾನ್ ನಗರವನ್ನು ಸೇರಿತು. ಅನಂತರ ಕೋಟ್ನೀಸರು ಉತ್ತರ ಚೀನಾದ ಬೆಟ್ಟಗುಡ್ಡಗಳ ನಡುವೆ ಹೋರಾಡುತ್ತಿದ್ದ ಎಂಟನೆಯ ಮಾರ್ಗಸೇನೆಯೊಡನೆ ಕೆಲಸ ಮಾಡಿದರು.

ಯುದ್ಧಭೂಮಿಯ ವೈದ್ಯನಿಗೆ ಹಗಲಿರುಳೆಂಬ ಭೇದವಿಲ್ಲ. ಗುಂಡೇಟಿನಿಂದ ರಕ್ತ ಸೋರಿಯೂ ಗಾಯಕ್ಕೆ ಸೋಂಕು ತಗುಲಿಯೂ ಸೈನಿಕರು ಸಾಯುತ್ತಾರೆ. ಚಿಕಿತ್ಸೆ ತಡವಾದಷ್ಟೂ ಅಪಾಯ ಹೆಚ್ಚು. ಇದನ್ನರಿತ ಕೋಟ್ನೀಸರು 1940ರಲ್ಲಿ ಒಂದು ಭೀಕರ ಕಾಳಗದ ಸಮಯದಲ್ಲಿ ನಿದ್ದೆಯಿಲ್ಲದೆ 72 ಗಂಟೆಗಳ ಕಾಲ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಆ ಕಾಳಗದಲ್ಲಿ ಅವರ ಶುಶ್ರೂಷೆಯನ್ನು ಪಡೆದವರು 800ಕ್ಕೂ ಹೆಚ್ಚು ಮಂದಿ.

ಕೆನಡಾದಿಂದ ಬಂದು ಇದೇ ಸೇನೆಯ ಸೇವೆಯಲ್ಲಿ 1939ರಲ್ಲಿ ಮಡಿದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ನಿರ್ದೇಶಕರಾದರು. ಚೀನೀ ಭಾಷೆಯನ್ನು ಕಲಿತು ರೋಗಿಗಳೊಡನೆ ಅವರ ನುಡಿಯಲ್ಲೇ ಮಾತನಾಡಿದರು. ಎಳೆಯ ವೈದ್ಯರಿಗೆ ಪಾಠ ಹೇಳಿದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ವಿವಾಹವಾದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಚೀನೀ ಭಾಷೆಯಲ್ಲಿ ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಈ ಸಂತೋಷ ಬಹುಕಾಲ ಉಳಿಯಲಿಲ್ಲ. ಬಿಡುವಿಲ್ಲದ ದುಡಿಮೆಯಿಂದ ಅವರ ದೇಹ ಸೊರಗಿತ್ತು, ಮೂರ್ಛೆರೋಗ ಕಾಡತೊಡಗಿತ್ತು. ಆದರೂ ಅವರು ಕೆಲಸವನ್ನು ಬಿಡಲಿಲ್ಲ. 1942ರ ಡಿಸೆಂಬರ್ 9ರಂದು, ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಕೋಟ್ನೀಸರು ಅದೇ ರೋಗದಿಂದ ಕಣ್ಣುಮುಚ್ಚಿದರು. ಆಗ ಅವರ ವಯಸ್ಸು ಮೂವತ್ತೆರಡು.

ಅವರ ಬಾಳನ್ನು ಆಧರಿಸಿ ವಿ. ಶಾಂತಾರಾಮರು 1946ರಲ್ಲಿ ಹಿಂದಿ ಚಲನಚಿತ್ರವನ್ನು ತಯಾರಿಸಿದರು. ಚೀನಾದ ಶಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯಿದೆ. ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕವಾಗಿದೆ. ಮುಂದೆ 1962ರಲ್ಲಿ ಭಾರತ ಚೀನಾಗಳ ನಡುವೆ ಯುದ್ಧವೇ ನಡೆಯಿತು. ಆದರೂ ಈ ವೈದ್ಯರ ನೆನಪನ್ನು ಎರಡು ದೇಶಗಳೂ ಅಳಿಸಿಹಾಕಲಿಲ್ಲ. ಅವರ ಗೌರವಾರ್ಥ ಎರಡೂ ಅಂಚೆಚೀಟಿಗಳನ್ನು ಹೊರತಂದವು. ನೋವಿಗೆ ಗಡಿಯಿಲ್ಲ, ಅದನ್ನು ನೀಗುವ ಕೈಗೂ ಗಡಿಯಿರಬಾರದೆಂಬುದನ್ನು ಗಡಿನಾಡಿನ ಈ ಸುಪುತ್ರರು ಬಾಳಿ ತೋರಿಸಿದರು.