ಗಾಯದ ನಂಜಿನ ಗುಟ್ಟು ತಿಳಿದ ಜೋಸೆಫ್ ಲಿಸ್ಟರ್

ಸಿಸೇರಿಯನ್ ಇರಲಿ, ಗರ್ಭಕೋಶದ ಆಪರೇಷನ್ ಇರಲಿ, ಮನೆಗೆ ಕಳಿಸುವಾಗ ಡಾಕ್ಟರು ಹೇಳುವ ಮಾತು ನಮಗೆಲ್ಲ ಬಾಯಿಪಾಠ. ಹೊಲಿಗೆಯ ಜಾಗ ಕೆಂಪಾದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ತಡ ಮಾಡದೆ ಬನ್ನಿ ಎನ್ನುತ್ತಾರೆ. ಆದರೆ ಸುಮಾರು 160 ವರ್ಷಗಳ ಹಿಂದೆ ಆಪರೇಷನ್ ಆದ ಮೇಲೆ ಕೀವು ಬರುವುದೇ ಸಹಜ ಎಂದು ವೈದ್ಯರು ನಂಬಿದ್ದರು. ಆ ನಂಬಿಕೆಯನ್ನು ಬದಲಿಸಿದವರು ಜೋಸೆಫ್ ಲಿಸ್ಟರ್.

ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಇಂಗ್ಲೆಂಡಿನ ಅಪ್ಟನ್‌ನಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಹೆಸರಾದವರು. ಹೀಗಾಗಿ ಕಣ್ಣಿಗೆ ಕಾಣದ ಲೋಕವೊಂದಿದೆ ಎಂಬುದು ಮಗನಿಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಲಂಡನ್ನಿನಲ್ಲಿ ಓದಿ, ಎಡಿನ್‌ಬರೋದಲ್ಲಿ ಪ್ರಸಿದ್ಧ ಸರ್ಜನ್ ಜೇಮ್ಸ್ ಸೈಮ್ ಅವರ ಬಳಿ ಪಳಗಿದರು. 1856ರಲ್ಲಿ ಗುರುವಿನ ಮಗಳು ಆಗ್ನೆಸ್‌ಳನ್ನೇ ಮದುವೆಯಾದರು. ಮದುವೆಯಾದ ಹೊಸತರಲ್ಲಿ ದಂಪತಿ ಯುರೋಪಿನಲ್ಲಿ ಸುತ್ತುತ್ತಾ ಆಸ್ಪತ್ರೆಗಳನ್ನೂ ನೋಡಿ ಬಂದರು! ಮುಂದೆ ಗಂಡ ಪ್ರಯೋಗ ಮಾಡುತ್ತಾ ಹೇಳುತ್ತಿದ್ದುದನ್ನು ಆಗ್ನೆಸ್ ಗಂಟೆಗಟ್ಟಲೆ ಕೂತು ಬರೆದುಕೊಳ್ಳುತ್ತಿದ್ದಳು. ಅವರ ಟಿಪ್ಪಣಿ ಪುಸ್ತಕಗಳ ತುಂಬ ಅವಳ ಕೈಬರಹವಿದೆ.

1860ರಲ್ಲಿ ಲಿಸ್ಟರ್ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆದರು. ಅಷ್ಟರಲ್ಲಿ ಅರಿವಳಿಕೆ ಬಂದು ನೋವಿನ ಭಯ ಹೋಗಿತ್ತು, ಸಾವಿನ ಭಯ ಹೋಗಿರಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಗುತ್ತಿತ್ತು, ಕೆಲವೇ ದಿನಗಳಲ್ಲಿ ಗಾಯ ಕೊಳೆತು ರೋಗಿ ಸಾಯುತ್ತಿದ್ದ. ವಾರ್ಡಿನ ಕೆಟ್ಟ ಗಾಳಿಯೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ಲಿಸ್ಟರ್‌ಗೆ ಒಂದು ಅನುಮಾನ. ಚರ್ಮ ಹರಿಯದೆ ಮೂಳೆ ಮುರಿದರೆ ಸುಖವಾಗಿ ಕೂಡಿಕೊಳ್ಳುತ್ತದೆ. ಚರ್ಮ ಹರಿದು ಮೂಳೆ ಹೊರಬಂದರೆ ಮಾತ್ರ ನಂಜಾಗುತ್ತದೆ. ಇಬ್ಬರೂ ಉಸಿರಾಡುವುದು ಅದೇ ಗಾಳಿಯನ್ನಲ್ಲವೇ?

1865ರಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್ ಥಾಮಸ್ ಆಂಡರ್ಸನ್ ಅವರಿಂದ ಪಾಶ್ಚರ್ ಬರಹಗಳ ವಿಷಯ ತಿಳಿಯಿತು. ಹುಳಿಯುವುದು, ಕೊಳೆಯುವುದು ಎಲ್ಲ ಸೂಕ್ಷ್ಮಜೀವಿಗಳ ಕೆಲಸ ಎಂದಿದ್ದರು ಪಾಶ್ಚರ್. ಗಾಯವೂ ಹಾಗೆಯೇ ಕೊಳೆಯುತ್ತದೆ ಎಂದು ಲಿಸ್ಟರ್‌ಗೆ ಹೊಳೆಯಿತು. ಜೀವಿಗಳನ್ನು ಕೊಲ್ಲಲು ರೋಗಿಯ ಮೈಯನ್ನು ಕುದಿಸಲಾಗದು. ಕಾರ್ಲೈಲ್ ಊರಿನಲ್ಲಿ ಚರಂಡಿ ನಾತಕ್ಕೆ ಬಳಸುತ್ತಿದ್ದ ಕಾರ್ಬಾಲಿಕ್ ಆಸಿಡ್ ಅವರ ನೆನಪಿಗೆ ಬಂತು. ಹಳೆಯ ಕೆಂಪು ಲೈಫ್‌ಬಾಯ್ ಸೋಪು ನೆನಪಿರುವವರಿಗೆ ಅದರ ವಾಸನೆ ಗೊತ್ತು.

1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗ ಬಂದ. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದು ಗಾಯವಾಗಿತ್ತು. ಲಿಸ್ಟರ್ ಕಾರ್ಬಾಲಿಕ್‌ನಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಕೀವು ಬರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿತು, ಕಾಲು ಉಳಿಯಿತು. ವಿಧಿಯಾಟ ನೋಡಿ, ಮರುದಿನವೇ ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್‌ವೀಸ್ ತೀರಿಕೊಂಡರು. ವೈದ್ಯರು ಕೈ ತೊಳೆದರೆ ಬಾಣಂತಿಯರು ಬದುಕುತ್ತಾರೆ ಎಂದು 1847ರಲ್ಲೇ ತೋರಿಸಿದ್ದ ಅವರ ಮಾತಿಗೆ ಬಹುಪಾಲು ವೈದ್ಯರು ಬೆಲೆ ಕೊಟ್ಟಿರಲಿಲ್ಲ. ಗಾಯದ ನಂಜೇ ಅವರನ್ನು ಬಲಿ ತೆಗೆದುಕೊಂಡಿತು.

ನಿಜವಾದ ಪರೀಕ್ಷೆ ಎದುರಾದದ್ದು ಮನೆಯಲ್ಲೇ. 1867ರಲ್ಲಿ ಲಿಸ್ಟರ್ ಅವರ ಅಕ್ಕತಂಗಿಯರಲ್ಲೊಬ್ಬಳಾದ ಇಸಬೆಲ್ಲಾಳಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಸ್ತನ ತೆಗೆಯುವ ಆಪರೇಷನ್ ಎಂದರೆ ಆಗ ನಂಜಿನ ಸಾವಿಗೆ ಆಹ್ವಾನ. ಮಾವ ಸೈಮ್ ಅವರೊಡನೆ ಚರ್ಚಿಸಿ, ಲಿಸ್ಟರ್ ತಮ್ಮ ಮನೆಯ ಊಟದ ಮೇಜಿನ ಮೇಲೆ ಒಡಹುಟ್ಟಿದವಳಿಗೆ ತಾವೇ ಆಪರೇಷನ್ ಮಾಡಿದರು. ಆ ಹೊತ್ತು ಅವರ ಮನಸ್ಸು ಹೇಗಿದ್ದಿರಬೇಕು! ಗಾಯ ನಂಜಾಗದೆ ಮಾಯಿತು. ಕ್ಯಾನ್ಸರ್ ಮರಳುವವರೆಗೆ ಆಕೆಗೆ ಸುಮಾರು ಮೂರು ವರ್ಷಗಳ ಬದುಕು ಸಿಕ್ಕಿತು.

ಅದೇ ವರ್ಷ ಅವರ ಲೇಖನಗಳು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದವು. ಹಲವರು ನಕ್ಕರು. ಲಿಸ್ಟರ್ ಲೆಕ್ಕ ಮುಂದಿಟ್ಟರು. ಹೊಸ ಪದ್ಧತಿಗೆ ಮುಂಚೆ ಕೈಕಾಲು ಕತ್ತರಿಸಿದ 35 ಮಂದಿಯಲ್ಲಿ 16 ಜನ ಸತ್ತಿದ್ದರು, ನಂತರದ 40 ಮಂದಿಯಲ್ಲಿ ಸತ್ತವರು 6. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರುವಿಗೆ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ.

ಗಾಳಿಯಲ್ಲಿನ ಜೀವಿಗಳನ್ನು ಕೊಲ್ಲಲು ಕಾರ್ಬಾಲಿಕ್ ಸಿಂಪಡಿಸುವ ಯಂತ್ರವನ್ನೂ ಅವರು ವರ್ಷಗಟ್ಟಲೆ ಬಳಸಿದರು. ಅದು ಬೇಕಿಲ್ಲ ಎಂದು ಮನವರಿಕೆಯಾದಾಗ, 1890ರಲ್ಲಿ, ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು. ಮಕ್ಕಳಿಲ್ಲದ ಅವರಿಗೆ ಆಸರೆಯಾಗಿದ್ದ ಆಗ್ನೆಸ್ 1893ರಲ್ಲಿ ಇಟಲಿಯ ಪ್ರವಾಸದಲ್ಲಿ ತೀರಿಕೊಂಡಳು. ಲಿಸ್ಟರ್ 1912ರ ಫೆಬ್ರುವರಿ 10ರಂದು ಕಣ್ಣು ಮುಚ್ಚಿದರು.

ಗೆಳತಿಯರೇ, ಇಂದು ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುತ್ತಾರೆ, ಕಾರ್ಬಾಲಿಕ್ ಹಿಂದೆ ಸರಿದಿದೆ. ಲಿಸ್ಟರ್ ಕಲಿಸಿದ ಪಾಠ ಮಾತ್ರ ಉಳಿದಿದೆ. ಆಸ್ಪತ್ರೆಯಲ್ಲಿ ನಮ್ಮವರನ್ನು ನೋಡಲು ಹೋದಾಗ ಹಣ್ಣಿನ ಚೀಲ ಕೆಳಗಿಟ್ಟು, ಮೊದಲು ಕೈ ತೊಳೆದು ಬರೋಣ.